ಅಣ್ಣನ ಎಡಗಾಲು ಮತ್ತು ಗೇಮಿಂಗ್ ಕಂಪ್ಯೂಟರು

ಹೋದ ಬೇಸಿಗೆ ರಜೆಯಲ್ಲಿ ಒಂದು ದಿನ ನಾನು ಬೇಲೂರು ಬಸ್ಸಿನಲ್ಲಿ ಕಂಪ್ಯೂಟರೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ.

ಲ್ಯಾಪ್‌ಟಾಪ್ ಅಂದುಕೊಳ್ಳಬೇಡಿ. ದೊಡ್ಡ ಡಬ್ಬ. ಒಂದು ಕಡೆ ಪೂರ್ತಿ ಗಾಜು, ಒಳಗೆ ಮೂರು ಫ್ಯಾನು, ಸಿಪ್ಪೆ ಸಮೇತ ಹತ್ತು ತೆಂಗಿನಕಾಯಿಯಷ್ಟು ತೂಕ.

ಕಂಡಕ್ಟರ್ ಬಗ್ಗಿ ಗಾಜಿನೊಳಗೆ ಇಣುಕಿದರು. "ಏನಕ್ಕಾ ಇದು, ಮೀನು ಸಾಕೋದಾ?"

"ಅಲ್ಲಪ್ಪ, ಗೇಮ್ ಆಡೋ ಕಂಪ್ಯೂಟರು" ಅಂದೆ.

ಅವರು ನನ್ನ ಮುಖ ನೋಡಿದರು. ನಲವತ್ತೊಂಬತ್ತರ ಹೆಂಗಸು, ಕಾಟನ್ ಸೀರೆ, ಕತ್ತಿನಲ್ಲಿ ಕನ್ನಡಕದ ದಾರ. ಪಕ್ಕದ ಸೀಟಿನಲ್ಲಿದ್ದ ನನ್ನ ಅಣ್ಣನ ಮುಖವನ್ನೂ ನೋಡಿದರು. ಅರವತ್ತರ ಹೊಸ್ತಿಲಲ್ಲಿರುವ, ಹಣೆಗೆ ವಿಭೂತಿ ಇಟ್ಟ, ಬಲಗಾಲಿಗೆ ಕೃತಕ ಕಾಲು ಹಾಕಿಕೊಂಡ ಗಂಡಸು. ಇಬ್ಬರಲ್ಲಿ ಗೇಮ್ ಆಡುವವರು ಯಾರು ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಲಗೇಜ್ ಟಿಕೆಟ್ ಕೊಟ್ಟು ಮುಂದೆ ಹೋದರು.

ಆಡುವವನು ಅಣ್ಣ. ಹಾಳು ಮಾಡಿದವಳು ನಾನು. ಆದರೆ ಆ ಬಸ್ಸಿನಲ್ಲಿ ಕೂತಾಗ ನನಗದು ಗೊತ್ತಿರಲಿಲ್ಲ. ಗೊತ್ತಾದಾಗ ಆದ ಆಘಾತದಿಂದ ಇವತ್ತಿಗೂ ಸರಿಯಾಗಿ ಚೇತರಿಸಿಕೊಂಡಿಲ್ಲ. ಮೊದಲಿಂದ ಹೇಳುತ್ತೇನೆ.

ಅಣ್ಣನ ಹೆಸರು ರುದ್ರೇಶ. ಮನೆ ಅರಸೀಕೆರೆ ಹತ್ತಿರದ ಗಂಡಸಿಯಲ್ಲಿ. ತೆಂಗಿನ ತೋಟ ಇದೆ, ಅತ್ತಿಗೆ ಶಾರದಾ ನೋಡಿಕೊಳ್ಳುತ್ತಾರೆ. ಅಣ್ಣನಿಗೆ ತೋಟ ಯಾವತ್ತೂ ಹಿಡಿಸಲಿಲ್ಲ. ಅವನದು ಗಾಡಿ. ಇಪ್ಪತ್ತನಾಲ್ಕು ವರ್ಷ ಟೂರಿಸ್ಟ್ ವ್ಯಾನ್ ಓಡಿಸಿದ. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಳಿದವರನ್ನು ಹತ್ತಿಸಿಕೊಂಡು ಹೊರಟರೆ ಹಾರನಹಳ್ಳಿ, ಜಾವಗಲ್, ಹಳೇಬೀಡು, ಬೇಲೂರು. ಸಂಜೆಗೆ ವಾಪಸ್ ಸ್ಟೇಷನ್ನು. ಹಳೇಬೀಡಿನ ದೊಡ್ಡ ದೇವಸ್ಥಾನವಷ್ಟೇ ನೋಡಿ ಹೊರಡುವ ಆತುರದವರನ್ನು ಬಸ್ತಿಹಳ್ಳಿಯ ಬಸದಿಗಳ ಮುಂದೆ ಗಾಡಿ ನಿಲ್ಲಿಸಿ ಇಳಿಸಿಬಿಡುತ್ತಿದ್ದ. "ಇದನ್ನ ನೋಡ್ದೆ ಹೋದ್ರೆ ನನ್ ಗಾಡಿ ಮುಂದಕ್ಕೆ ಹೋಗಲ್ಲ ಸ್ವಾಮಿ" ಅನ್ನುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ.

ನಾಲ್ಕು ವರ್ಷದ ಹಿಂದೆ ಬಲಗಾಲಿನ ಹೆಬ್ಬೆರಳಿಗೆ ಸಣ್ಣ ಗಾಯವಾಯಿತು. ಸಕ್ಕರೆ ಕಾಯಿಲೆ ಇತ್ತು. ಗಾಯ ಮಾಯಲಿಲ್ಲ. ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು.

ಅಣ್ಣ ಅಳಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ, "ಎಡಗಾಲಲ್ಲಿ ಗಾಡಿ ಓಡಿಸ್ಬೋದಾ?"

ಓಡಿಸಬಹುದಂತೆ. ಹಾಸನದಲ್ಲಿ ಕಾಲಿಲ್ಲದವರಿಗೆ ಕಾರು ಮಾರ್ಪಾಡು ಮಾಡಿಕೊಡುವ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಆಟೋಮ್ಯಾಟಿಕ್ ಕಾರು ತಗೊಳ್ಳಿ, ಆಕ್ಸಿಲರೇಟರನ್ನು ಎಡಗಡೆಗೆ ಹಾಕಿಕೊಡುತ್ತೇನೆ, ಅದಕ್ಕೆ ಬೇರೆ ಥರದ ಲೈಸೆನ್ಸ್ ಸಿಗುತ್ತದೆ ಅಂದರು. "ಆದ್ರೆ ಯಜಮಾನ್ರೇ, ಎಡಗಾಲಿಗೆ ಬ್ರೇಕ್ ತುಳಿದು ಅಭ್ಯಾಸ ಇರಲ್ಲ. ಮೊದ್ಲು ಅದನ್ನ ಪಳಗಿಸಿ" ಅಂತಲೂ ಹೇಳಿದರು.

ಪಳಗಿಸುವುದು ಎಲ್ಲಿ? ರಸ್ತೆಯಲ್ಲಿ ಆಗುತ್ತದೆಯೇ? ಅಲ್ಲಿ ನನ್ನ ತಲೆ ಓಡಿತು. (ಈ ಅಂಕಣ ಓದುವವರಿಗೆ ಗೊತ್ತು, ನಾನು ಅರಸೀಕೆರೆಯ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವಳು. ತಲೆ ಓಡುವ ಕಾಯಿಲೆ ನನಗೆ ಹಳೆಯದು.) ಲಾರಿ ಓಡಿಸುವ ಕಂಪ್ಯೂಟರ್ ಆಟಗಳಿವೆ. ಟೇಬಲ್ಲಿಗೆ ಬಿಗಿಯುವ ಸ್ಟೇರಿಂಗ್ ಸಿಗುತ್ತದೆ, ಕಾಲಡಿ ಇಡುವ ಪೆಡಲ್ ಸಿಗುತ್ತದೆ. ಪೆಡಲ್ಲನ್ನು ಸ್ವಲ್ಪ ಎಡಕ್ಕೆ ಸರಿಸಿದರೆ ಆಯಿತು. ಮನೆಯಲ್ಲೇ ಕೂತು ಎಡಗಾಲಿಗೆ ಪಾಠ.

ಆಟಕ್ಕೆ ಸಾಧಾರಣ ಕಂಪ್ಯೂಟರ್ ಸಾಲದು ಅಂತ ಎಲ್ಲೋ ಓದಿದೆ. ಕಂಪನಿಯವರೇ ಜೋಡಿಸಿ ಕಳಿಸುವ ರೆಡಿಮೇಡ್ ಗೇಮಿಂಗ್ ಪಿಸಿಯನ್ನು ಆರ್ಡರ್ ಮಾಡಿದೆ. ಬಂತು. ಆನ್ ಮಾಡಿದರೆ ಒಳಗೆ ಕೆಂಪು, ನೀಲಿ, ಹಸಿರು ದೀಪ. ಅತ್ತಿಗೆ ಎರಡು ದಿನ ಅದರ ಮುಂದೆ ಚಪ್ಪಲಿ ಹಾಕಿಕೊಂಡು ಓಡಾಡಲಿಲ್ಲ.

ವೈರುಗಳನ್ನು ಜೋಡಿಸಿದವಳು ನಾನೇ. ಡಬ್ಬದ ಹಿಂದೆ ಪರದೆಯ ವೈರು ಚುಚ್ಚುವ ಸಾಕೆಟ್ ಎರಡು ಕಡೆ ಇತ್ತು, ಮೇಲೊಂದು, ಕೆಳಗೆ ಎರಡು ಮೂರು. ಎಲ್ಲಕ್ಕೂ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಕೈಗೆ ಮೊದಲು ಸಿಕ್ಕಿದ ಮೇಲಿನದರ ಮುಚ್ಚಳ ಕಿತ್ತೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ಓದಲಿಲ್ಲ. ವೈರು ಚುಚ್ಚಿದೆ. ಚಿತ್ರ ಬಂತು. ಅತ್ತಿಗೆ ಕಾಫಿ ಕೊಟ್ಟರು. ಕುಡಿದು ಅರಸೀಕೆರೆಗೆ ಬಸ್ಸು ಹತ್ತಿದೆ.

ಅಣ್ಣ ದಿನಾ ಅಭ್ಯಾಸ ಮಾಡಿದ. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ. ಲುಂಗಿ ಬಿಟ್ಟು ಪ್ಯಾಂಟ್ ಹಾಕಿಕೊಂಡೇ ಕೂರುತ್ತಿದ್ದನಂತೆ, ಡ್ಯೂಟಿಗೆ ಹೋಗುವ ಹಾಗೆ.

ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಹೋದೆ. ಅಣ್ಣ ಪರದೆಯ ಮುಂದೆ ಇರಲಿಲ್ಲ. ಜಗಲಿಯಲ್ಲಿ ಕೂತಿದ್ದ.

"ಆಗಲ್ಲ ಕಣೇ ಗಿರಿಜಾ" ಅಂದ.

"ಯಾಕೆ, ಕಾಲು ನೋಯ್ತದಾ?"

"ನೋವಿಲ್ಲ. ಲೇಟಾಯ್ತದೆ. ಎದುರಿಗೆ ಹಸ ಬಂತು ಅಂದ್ರೆ ನಾನು ತುಳಿಯೋದು ತುಳೀತೀನಿ. ಗಾಡಿ ನಿಲ್ಲೋದ್ರೊಳಗೆ ಹಸ ಹೋಗಿರ್ತದೆ. ನಿನ್ನೆ ಒಬ್ಬ ಮನುಷ್ಯನ ಮೇಲೇ ಹತ್ತಿಸ್ದೆ. ಆಟ ಅನ್ನು. ಆದ್ರೂ ಅದಾದ್ಮೇಲೆ ನಂಗೆ ಊಟ ಸೇರ್ಲಿಲ್ಲ."

ನಾನು ಒಳಗೆ ಹೋಗಿ ನೋಡಿದೆ. ಅಣ್ಣ ಓಡಿಸಿ ತೋರಿಸಿದ. ನಿಜ. ಅವನು ಪೆಡಲ್ ತುಳಿದದ್ದಕ್ಕೂ ಪರದೆಯ ಲಾರಿ ನಿಲ್ಲಲು ಶುರುವಾದದ್ದಕ್ಕೂ ನಡುವೆ ಅಂತರವಿತ್ತು. ಚಿತ್ರ ತಡೆದು ತಡೆದು ಮುಂದೆ ಹೋಗುತ್ತಿತ್ತು. ಇಂಥ ಆಟ ಇರುವುದೇ ಹೀಗೆ ಅಂದುಕೊಂಡೆವು. ಹೋಲಿಸಿ ನೋಡಲು ನಾವಿಬ್ಬರೂ ಬೇರೆ ಯಾವುದನ್ನೂ ನೋಡಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ.

ನಾನು ಪಾಠ ಮಾಡಿದೆ. ಒಂದು ಹಾಳೆ ತಗೊಂಡು ಮನುಷ್ಯನ ಚಿತ್ರ ಬರೆದೆ. ಕಣ್ಣಿನಿಂದ ಮೆದುಳಿಗೆ ಒಂದು ಬಾಣ, ಮೆದುಳಿನಿಂದ ಕಾಲಿಗೆ ಇನ್ನೊಂದು. "ಅಣ್ಣ, ಸಕ್ಕರೆ ಕಾಯಿಲೆ ಇದ್ದವರಿಗೆ ನರ ಮಂದ ಆಗುತ್ತೆ. ಕಣ್ಣು ನೋಡಿದ್ದು ಮೆದುಳಿಗೆ ಹೋಗಿ, ಮೆದುಳಿನ ಆರ್ಡರ್ ಕಾಲಿಗೆ ಬರೋದು ತಡ ಆಗುತ್ತೆ. ಜೊತೆಗೆ ವಯಸ್ಸು. ಇದರಲ್ಲಿ ನಿನ್ನ ತಪ್ಪೇನಿಲ್ಲ. ಇದು ಬರೀ ವಿಜ್ಞಾನ."

ಎಷ್ಟು ಚೆನ್ನಾಗಿ ವಿವರಿಸಿದ್ದೆ ಗೊತ್ತಾ? ಅಣ್ಣ ಹಾಳೆಯನ್ನು ಬಹಳ ಹೊತ್ತು ನೋಡಿದ. ಮಡಿಸಿ ಟೇಬಲ್ ಡ್ರಾಯರಿನಲ್ಲಿ ಇಟ್ಟ.

"ನೀನು ಓದ್ದೋಳು. ನೀನು ಹೇಳಿದ್ಮೇಲೆ ಸರಿ ಬಿಡು" ಅಂದ.

ಮುಂದಿನ ವಾರ ವ್ಯಾನನ್ನು ಜಾವಗಲ್ಲಿನ ಒಬ್ಬರಿಗೆ ಮಾರಿದ. ಹೊಸ ಕಾರಿನ ಮಾತು ನಿಂತಿತು. ಹಾಸನದ ಮೆಕ್ಯಾನಿಕ್ ಎರಡು ಸಲ ಫೋನ್ ಮಾಡಿದರಂತೆ. ಅಣ್ಣ ಎತ್ತಲಿಲ್ಲ.

ಕಂಪ್ಯೂಟರಿನ ಮೇಲೆ ಅತ್ತಿಗೆ ಹಳೆಯ ದುಪ್ಪಟಿ ಹೊದಿಸಿದರು. ಆಗೊಮ್ಮೆ ಈಗೊಮ್ಮೆ ಅಣ್ಣ ದುಪ್ಪಟಿ ತೆಗೆದು, ಪರದೆಯಲ್ಲಿ ಯಾರೂ ಇಲ್ಲದ ಖಾಲಿ ರಸ್ತೆ ಹುಡುಕಿ, ನಿಧಾನವಾಗಿ ಲಾರಿ ಓಡಿಸುತ್ತಿದ್ದ. ಬ್ರೇಕ್ ಹಾಕುವ ಪ್ರಸಂಗವೇ ಬಾರದ ಹಾಗೆ.

ಹೀಗೆ ಮೂರು ವರ್ಷ.

ಈ ವರ್ಷ ಅಣ್ಣನಿಗೆ ಅರವತ್ತು ತುಂಬುತ್ತದೆ. ಶಾಂತಿ ಗೀಂತಿ ಏನೂ ಬೇಡ ಅಂದ. ಹಾಗಾದರೆ ನಾನೇನು ಕೊಡಲಿ? ಕಂಪ್ಯೂಟರನ್ನಾದರೂ ಸ್ವಲ್ಪ ಚುರುಕು ಮಾಡಿಕೊಡೋಣ ಅನ್ನಿಸಿತು. ಆ ಆಟದ ಹೊಸ ಆವೃತ್ತಿ ಬಂದ ಮೇಲಂತೂ ಅದು ತೆವಳುತ್ತಿತ್ತು. ನಾನು ಅದನ್ನು ಅಪ್‌ಗ್ರೇಡ್ ಮಾಡಲು ನಿರ್ಧರಿಸಿದೆ. ನನ್ನ ಕೈಯಿಂದಲೇ. ಕರೆಂಟಿನ ಪಾಠ ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವವಳಿಗೆ ಒಂದು ಡಬ್ಬ ಬಿಚ್ಚಲು ಯಾರ ಹಂಗು?

ಒಂದು ತಿಂಗಳು ವಿಡಿಯೊ ನೋಡಿದೆ. ಬದಲಿಸಬೇಕಾದ್ದು ಎರಡು ಅಂತ ತೀರ್ಮಾನಿಸಿದೆ. ಒಂದು ರ‍್ಯಾಮ್, ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಎಲ್ಲವನ್ನೂ ಹರಡಿಕೊಳ್ಳುವ ಜಾಗ. ಇನ್ನೊಂದು ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಚಿತ್ರವನ್ನು ಬಿಡಿಸುವುದಕ್ಕೆಂದೇ ಇರುವ ದಪ್ಪ ಹಲಗೆಯಂಥ ಭಾಗ. ಗೇಮಿಂಗ್ ಪಿಸಿಯ ಪ್ರಾಣವೇ ಅದು. ಹೊಸ ಕಾರ್ಡಿಗೆ ಹಳೆಯ ಪವರ್ ಸಪ್ಲೈ ಸಾಕಾಗುತ್ತದೆಯೇ ಅಂತ ಎರಡು ಸಲ ನೋಡಿದೆ. ಡಬ್ಬದೊಳಗೆ ಅದು ಹಿಡಿಸುತ್ತದೆಯೇ ಅಂತ ಟೇಪು ಹಿಡಿದು ಅಳೆದೆ. ಇಷ್ಟೆಲ್ಲ ಜಾಣತನ ಮಾಡಿದೆ, ನೆನಪಿರಲಿ.

ರಜೆ ಶುರುವಾದ ಮೊದಲ ಸೋಮವಾರ ಬೆಳಿಗ್ಗೆ ಗಂಡಸಿಗೆ ಹೋದೆ. ಸ್ಕ್ರೂಡ್ರೈವರ್ ಹುಡುಕಲು ಟೇಬಲ್ ಡ್ರಾಯರ್ ಎಳೆದರೆ ಆ ಹಳೆಯ ಹಾಳೆ ಸಿಕ್ಕಿತು. ಕಣ್ಣು, ಮೆದುಳು, ಕಾಲು, ಬಾಣ. ಚಿತ್ರ ಪರವಾಗಿಲ್ಲ, ಚೆನ್ನಾಗೇ ಬರೆದಿದ್ದೇನೆ ಅಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ.

ಪ್ಲಗ್ ಕಿತ್ತು, ಡಬ್ಬವನ್ನು ಊಟದ ಟೇಬಲ್ ಮೇಲೆ ಮಲಗಿಸಿ, ಗಾಜು ಬಿಚ್ಚಿದೆ. ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲೆಂದು ಕಿಟಕಿಯ ಸರಳು ಮುಟ್ಟಿದೆ. ಅತ್ತಿಗೆ ಅದನ್ನು ನೋಡಿ ತಾವೂ ಸರಳು ಮುಟ್ಟಿ ಬಂದು ಟಾರ್ಚ್ ಹಿಡಿದರು.

ರ‍್ಯಾಮ್ ಕೂರಿಸಲು ಹೊರಟೆ. ವಿಡಿಯೊದಲ್ಲಿ ಹೆಬ್ಬೆರಳಿನಲ್ಲಿ ಒತ್ತಿದರೆ ಸಲೀಸಾಗಿ ಕೂರುತ್ತದೆ. ಇಲ್ಲಿ ಒತ್ತಿದರೆ ಇಡೀ ಹಲಗೆಯೇ ಬಾಗುತ್ತಿದೆ. ಮುರಿದೇ ಹೋಯಿತು ಅನ್ನುವಷ್ಟರಲ್ಲಿ ಟಕ್ ಅಂತು. ಹಳೆಯ ಕಾರ್ಡ್ ಅಂತೂ ಹೊರಗೆ ಬರಲೇ ಒಪ್ಪಲಿಲ್ಲ. ಎಳೆದೆ, ಅಲ್ಲಾಡಿಸಿದೆ. "ಅದನ್ನ ಹಿಡ್ಕೊಂಡಿರೋ ಕೊಂಡಿ ಇರ್ಬೇಕು ನೋಡು" ಅಂದ ಅಣ್ಣ, ದೂರದ ಕುರ್ಚಿಯಿಂದಲೇ. ಇತ್ತು. ತುದಿಯಲ್ಲಿ ಉಗುರಿನಷ್ಟು ಕೊಂಡಿ. ಒತ್ತಿದೆ, ಕಾರ್ಡ್ ಬಂತು.

ಮೂರು ವರ್ಷದ ಹಳೆಯ ಕಾರ್ಡಿನ ಹಿಂಭಾಗದ ಸಾಕೆಟ್ಟುಗಳಿಗೆ ಇನ್ನೂ ಕಪ್ಪು ಮುಚ್ಚಳಗಳಿದ್ದವು. ನೋಡಿದೆ. ನೋಡಿ, ಪಕ್ಕಕ್ಕಿಟ್ಟೆ.

ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಜೋಡಿಸಿ ಮುಗಿಸಿ, ವೈರುಗಳನ್ನು ಮೊದಲು ಎಲ್ಲಿದ್ದವೋ ಅಲ್ಲೇ ಚುಚ್ಚಿ ಆನ್ ಮಾಡಿದೆ. ಆನ್ ಆಯಿತು. ಹೊಗೆ ಬರಲಿಲ್ಲ, ಬೆಂಕಿ ಬರಲಿಲ್ಲ, ಹೊಸ ಕಾರ್ಡಿನ ದೀಪ ಹತ್ತಿತು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಪಟ್ಟ ಗಳಿಗೆಗಳು ಕಡಿಮೆ.

ಅಣ್ಣ ಕೂತು ಓಡಿಸಿದ. ಒಂದು ನಿಮಿಷ, ಎರಡು ನಿಮಿಷ.

"ಹೆಂಗೈತೆ?" ಅತ್ತಿಗೆ ಕೇಳಿದರು.

"ಬೇಗ ಸ್ಟಾರ್ಟ್ ಆಯ್ತು" ಅಂದ ಅಣ್ಣ. ನನಗೆ ಬೇಜಾರಾಗಬಾರದು ಅಂತ ಹುಡುಕಿ ಹೇಳಿದ ಮಾತು ಅದು. ಲಾರಿ ಮಾತ್ರ ಹಾಗೇ ತೆವಳುತ್ತಿತ್ತು.

ಪ್ರಾಣವನ್ನೇ ಬದಲಿಸಿದ್ದೇನೆ, ದೇಹ ಏಳುತ್ತಿಲ್ಲ. ಹೇಗೆ ಸಾಧ್ಯ?

ಬೇಲೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಪವಿತ್ರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಪಕ್ಕದಲ್ಲೇ ಜೆರಾಕ್ಸ್, ಪಾಸ್‌ಪೋರ್ಟ್ ಫೋಟೊ. ಫೋನ್ ಮಾಡಿದೆ. "ತಗೊಂಬನ್ನಿ ಮೇಡಂ, ನೋಡೋಣ. ಹಳೇ ಕಾರ್ಡನ್ನೂ ತನ್ನಿ" ಅಂದಳು. ಅಣ್ಣ ತಾನೂ ಬರುತ್ತೇನೆ ಅಂದ. ಆ ರಸ್ತೆ ನೋಡಿ ವರ್ಷಗಳಾಗಿದ್ದವು. ಹಾಗೆ ನಾವು ಆ ಬಸ್ಸಿನಲ್ಲಿ ಕೂತದ್ದು.

ಬಸ್ಸಿನಲ್ಲಿ ಒಂದು ಸಂಗತಿ ಕಂಡೆ. ಹಾರನಹಳ್ಳಿ ದಾಟಿದ ಮೇಲೆ ತಿರುವಿನಲ್ಲಿ ಕುರಿ ಮಂದೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕಿದ, ಎಲ್ಲರೂ ಮುಂದಕ್ಕೆ ವಾಲಿದೆವು. ಅಣ್ಣ ವಾಲಲಿಲ್ಲ. ಅವನ ಎಡಗಾಲು ಬಸ್ಸಿನ ನೆಲವನ್ನು ಒತ್ತಿ ಹಿಡಿದಿತ್ತು. ಡ್ರೈವರಿಗಿಂತ ಮೊದಲೇ ಒತ್ತಿತ್ತು. ಜಾವಗಲ್ಲಿನ ಹತ್ತಿರ ಬೈಕೊಂದು ಒಳರಸ್ತೆಯಿಂದ ನುಗ್ಗಿತು. ಮತ್ತೆ ಹಾಗೇ, ಮೊದಲು ಅಣ್ಣನ ಕಾಲು, ಆಮೇಲೆ ಬಸ್ಸಿನ ಬ್ರೇಕು. ಪಾಪ, ಹಳೇ ಅಭ್ಯಾಸ ಅಂದುಕೊಂಡೆ. ಕಣ್ಣಾರೆ ಕಂಡೆ, ಅರ್ಥ ಮಾಡಿಕೊಳ್ಳಲಿಲ್ಲ.

ಹಳೇಬೀಡಿನಲ್ಲಿ ಬಸ್ಸು ನಿಂತಾಗ ಎಳನೀರು ಮಾರುವವರೊಬ್ಬರು ಕಿಟಕಿಗೆ ಬಂದರು. "ಏನ್ ರುದ್ರಣ್ಣ, ಬಸ್ನಾಗೆ? ಗಾಡಿ ಎಲ್ಲಿ?"

"ಗಾಡಿ ಬಿಟ್ಟೆ ಕಣಪ್ಪ. ನರ ಮಂದ ಆದ್ವು. ನಮ್ ಗಿರಿಜಾನೇ ಹೇಳಿದ್ಲು, ಇವ್ಳು ಕಾಲೇಜ್ ಮೇಷ್ಟ್ರು."

ಅವರು ನನಗೆ ಕೈ ಮುಗಿದರು. ನಾನೂ ಮುಗಿದೆ.

ಬೇಲೂರಿನಲ್ಲಿ ಪವಿತ್ರ ಡಬ್ಬವನ್ನು ತನ್ನ ಪರದೆಗೆ ಜೋಡಿಸಿ, ಯಾವುದೋ ಕಾರ್ ರೇಸಿನ ಆಟ ಹಾಕಿದಳು. ನಾನು ಬೆರಗಾದೆ. ಪರದೆಯ ಮೇಲೆ ರಸ್ತೆ ನೀರಿನ ಹಾಗೆ ಹರಿಯುತ್ತಿತ್ತು. ತಡೆಯಿಲ್ಲ, ತೊದಲಿಲ್ಲ.

"ಇದಕ್ಕೇನಾಗಿದೆ ಮೇಡಂ? ಬೆಣ್ಣೆ ಥರ ಇದೆ" ಅಂದಳು. ಹಳೆಯ ಕಾರ್ಡನ್ನೂ ಹಾಕಿ ನೋಡಿದಳು. "ಇದೂ ಚೆನ್ನಾಗೇ ಓಡ್ತಿದೆಯಲ್ಲ. ಇದನ್ನ ಯಾಕೆ ತೆಗೆದ್ರಿ? ಉಪಯೋಗ್ಸೇ ಇಲ್ಲ ಅನ್ನೋ ಹಂಗಿದೆ."

ದಾರಿಯಲ್ಲಿ ಯಾವುದೋ ಲೂಸ್ ಕನೆಕ್ಷನ್ ತಾನಾಗಿ ಸರಿಹೋಗಿರಬೇಕು ಅಂತ ನಾನು ಸಮಾಧಾನ ಮಾಡಿಕೊಂಡೆ. (ಲೂಸ್ ಕನೆಕ್ಷನ್ ತಾನಾಗಿ ಸರಿಹೋಗುತ್ತದೆ ಅಂತ ಯಾವ ಪುಸ್ತಕದಲ್ಲೂ ಇಲ್ಲ.) ಹೊಸ ಕಾರ್ಡನ್ನೇ ಮತ್ತೆ ಹಾಕಿಸಿಕೊಂಡು, ಹಳೆಯದನ್ನು ಬ್ಯಾಗಿಗೆ ಸೇರಿಸಿಕೊಂಡು ವಾಪಸ್ ಬಂದೆವು. ಆ ರಾತ್ರಿ ಅಣ್ಣನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಎದ್ದು ಎಲ್ಲ ವೈರನ್ನೂ ಅದರದರ ಜಾಗದಲ್ಲಿ ಚುಚ್ಚಿದೆ. ಅಣ್ಣ ಪ್ಯಾಂಟ್ ಹಾಕಿಕೊಂಡು ಬಂದು ಕೂತ. ಮೂರು ವರ್ಷದಲ್ಲಿ ಮೊದಲ ಸಲ ಪ್ಯಾಂಟ್ ಹಾಕಿದ್ದು ಅಂತ ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿದರು.

ಲಾರಿ ಹೊರಟಿತು. ತಡೆದು, ತಡೆದು, ತೆವಳಿ.

ಅಣ್ಣ ಸ್ಟೇರಿಂಗಿನಿಂದ ಕೈ ತೆಗೆದ. "ಬೇಲೂರ್ನಲ್ಲಿ ಸರಿಯಾಗಿತ್ತು. ನನ್ ಹತ್ರ ಬಂದ್ರೆ ಹಿಂಗಾಯ್ತದೆ. ಮಿಷಿನ್ದಲ್ಲ ಕಣೇ ದೋಷ, ನಂದೇ. ಬಿಟ್ಬಿಡು ಇದನ್ನ."

ಎದ್ದು ಹೊರಗೆ ಹೋದ. ಪೆಡಲ್ಲನ್ನು ತಾನೇ ಕಾಲಿನಲ್ಲಿ ಟೇಬಲ್ಲಿನ ಅಡಿಗೆ ತಳ್ಳಿ ಹೋದ.

ನಾನು ಪವಿತ್ರಳಿಗೆ ಫೋನ್ ಮಾಡಿದೆ. ಅವಳು ಒಂದೇ ಕೆಲಸ ಹೇಳಿದಳು. "ಡಬ್ಬದ ಹಿಂದುಗಡೆ ಒಂದು ಫೋಟೊ ತೆಗೆದು ಕಳ್ಸಿ ಮೇಡಂ. ವೈರ್ ಎಲ್ಲಾ ಹಾಕಿರೋ ಹಂಗೇ ಇರ್ಲಿ."

ಕಳಿಸಿದೆ. ಅರ್ಧ ನಿಮಿಷಕ್ಕೆ ಫೋನ್ ಬಂತು. ಅತ್ತಿಗೆಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ಮೇಡಂ, ಪರದೆಯ ವೈರು ಮೇಲ್ಗಡೆ ಸಾಕೆಟ್ಟಿಗೆ ಹಾಕಿದೀರಲ್ಲ, ಯಾಕೆ?"

"ಮೊದಲಿಂದ ಅಲ್ಲೇ ಇರೋದು."

"ಮೊದಲಿಂದ ಅಂದ್ರೆ?"

"ತಂದ ದಿನದಿಂದ. ಮೂರು ವರ್ಷದಿಂದ."



"ಮೇಡಂ" ಅಂದಳು, ತುಂಬ ಮೆಲ್ಲಗೆ. "ಮೇಲಿನದು ಗ್ರಾಫಿಕ್ಸ್ ಕಾರ್ಡಿನ ಸಾಕೆಟ್ ಅಲ್ಲ. ಅಲ್ಲಿಗೆ ಹಾಕಿದ್ರೆ ಕಾರ್ಡ್ ಕೆಲಸಾನೇ ಮಾಡಲ್ಲ. ಕಂಪ್ಯೂಟರ್ ತನ್ನ ಸಣ್ಣ ಶಕ್ತಿಲಿ ಹೆಂಗೋ ಚಿತ್ರ ತೋರಿಸ್ತಿರುತ್ತೆ ಅಷ್ಟೆ. ಕಾರ್ಡಿನ ಸಾಕೆಟ್ ಕೆಳಗಡೆ ಇರೋದು. ನಾನು ಅಂಗಡಿಲಿ ಅಲ್ಲೇ ಹಾಕಿದ್ದೆ. ರೆಡಿಮೇಡ್ ಕಂಪ್ಯೂಟರ್ ಕಂಪನಿಯೋರು ಮೇಲಿನದಕ್ಕೆ ಮುಚ್ಚಳ ಹಾಕಿ, ಕೆಳಗಿನದನ್ನ ಬಳಸಿ ಅಂತ ಬರೆದೇ ಕಳ್ಸಿರ್ತಾರೆ."

"ಹಾಗಾದರೆ ಹಳೆಯ ಕಾರ್ಡು?"

"ಅದು ಮೂರು ವರ್ಷ ಸುಮ್ನೆ ಕೂತಿತ್ತು ಮೇಡಂ. ದೀಪ ಹಚ್ಕೊಂಡು."

ಮೊದಲು ಹೊಳೆದದ್ದು, ಹೊಸ ಕಾರ್ಡ್ ಬೇಕೇ ಇರಲಿಲ್ಲ ಅನ್ನುವ ಕ್ಷುಲ್ಲಕ ವಿಚಾರ. ಅದರ ಹಿಂದೆಯೇ ಇನ್ನೊಂದು ಬಂತು. ಕುರ್ಚಿ ಎಳೆದುಕೊಂಡು ಕೂತೆ.

ಅಣ್ಣನ ಕಾಲು ತಡ ಮಾಡಿರಲಿಲ್ಲ. ಒಂದು ದಿನವೂ ತಡ ಮಾಡಿರಲಿಲ್ಲ.

ಅತ್ತಿಗೆಯೇ ಬಗ್ಗಿ ಮೇಲಿನ ವೈರು ಕಿತ್ತರು. "ಯಾವ್ದಕ್ಕೆ ಹಾಕ್ಲಿ, ನೀನೇ ತೋರ್ಸು" ಅಂದರು. ತೋರಿಸಿದೆ. ಕೆಳಗಿನ ಸಾಕೆಟ್ಟಿಗೆ ಚುಚ್ಚಿದರು. ಎಷ್ಟು ಹೊತ್ತಿನ ಕೆಲಸ? ಶರಟಿನ ಗುಂಡಿ ಹಾಕಿಕೊಳ್ಳುವಷ್ಟು.

ಅಣ್ಣನನ್ನು ಕರೆದೆವು. "ಎಷ್ಟ್ ಸಲ ಆಡಿಸ್ತೀಯೇ" ಅನ್ನುತ್ತಲೇ ಬಂದು ಕೂತ. ಲಾರಿ ಹೊರಟಿತು. ರಸ್ತೆ ಹರಿಯತೊಡಗಿತು. ಅವನ ಬೆನ್ನು ನೆಟ್ಟಗಾಯಿತು. ಒಂದು ಪೇಟೆಯಲ್ಲಿ ಯಾರೋ ರಸ್ತೆಗೆ ಇಳಿದರು. ಅಣ್ಣ ತುಳಿದ. ಲಾರಿ ನಿಂತಿತು. ಆ ಮನುಷ್ಯ ದಾಟಿ ಹೋದ.

ಅಣ್ಣ ಮತ್ತೆ ಓಡಿಸಿದ. ವೇಗ ಹೆಚ್ಚಿಸಿದ. ಬೇಕೆಂದೇ ಮುಂದಿನ ಬಸ್ಸಿನ ಹಿಂದೆ ಹತ್ತಿರ ಹೋಗಿ ತುಳಿದ. ನಿಂತಿತು. ಇನ್ನೊಂದು ಸಲ. ನಿಂತಿತು. ಹತ್ತು ಸಲವಾದರೂ ಮಾಡಿರಬೇಕು. ಆಮೇಲೆ ಪರದೆ ಬಿಟ್ಟು ತನ್ನ ಎಡಗಾಲನ್ನು ನೋಡುತ್ತಾ ಕೂತ.

ನಾನು ಹೇಳಿದೆ. ಎಲ್ಲ ಹೇಳಿದೆ. ಮುಚ್ಚಳ, ಸಾಕೆಟ್, ನಾನು ಓದದ ಸಣ್ಣ ಅಕ್ಷರ.

ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ನಿನ್ ಮೇಲೆ ಬೇಜಾರಿಲ್ಲ ಕಣೇ" ಅಂದ ಅಣ್ಣ. "ನೀನು ನಿಂಗೆ ತಿಳಿದಿದ್ದು ಹೇಳ್ದೆ. ಇಪ್ಪತ್ನಾಲ್ಕು ವರ್ಷ ಅನ್ನ ಹಾಕಿದ ಕೈಕಾಲು ನನ್ನವು. ಅವನ್ನ ಬಿಟ್ಟು ನಾನು ಒಂದು ಡಬ್ಬದ ಮಾತು ನಂಬ್ದೆನಲ್ಲ. ಅದಕ್ಕೆ ಬೇಜಾರು."

ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. ಅವರ ತವರು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಎರಡು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ, ಸುದ್ದಿ ಬಂದ ಮೇಲೆ ಇವರಿಬ್ಬರೂ ಬಸ್ಸಿನಿಂದ ಬಸ್ಸಿಗೆ ಬದಲಿಸಿಕೊಂಡು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

"ಕಾರಿದ್ದಿದ್ರೆ ಅಮ್ಮನ ಮುಖ ನೋಡ್ತಿದ್ದೆ" ಅಂದರು ಅತ್ತಿಗೆ. ಅಷ್ಟೇ. ಕೋಪದಿಂದಲ್ಲ. ನನ್ನ ಕಡೆ ತಿರುಗಿ ಕೂಡ ಅಲ್ಲ. ಅಂದು, ಒಲೆಯ ಮೇಲಿಟ್ಟಿದ್ದ ಹಾಲು ನೋಡಲು ಒಳಗೆ ಹೋದರು.



ಮುಂದಿನದನ್ನು ಬೇಗ ಹೇಳುತ್ತೇನೆ. ಅಣ್ಣ ಆವತ್ತಿನಿಂದ ಎರಡು ತಿಂಗಳು ಬಿಡದೆ ಅಭ್ಯಾಸ ಮಾಡಿದ. ಹಾಸನದ ಮೆಕ್ಯಾನಿಕ್ಕಿಗೆ ತಾನೇ ಫೋನ್ ಮಾಡಿದ. ಅವರು ಅಣ್ಣನನ್ನು ಮರೆತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರೊಂದು ಸಿಕ್ಕಿತು, ಆಕ್ಸಿಲರೇಟರ್ ಎಡಕ್ಕೆ ಬಂತು. ಡಾಕ್ಟರ ಸರ್ಟಿಫಿಕೇಟ್, ಅರ್ಜಿ, ಓಡಾಟ ಎಲ್ಲ ಆಯಿತು. ಹೋದ ವಾರ ಟೆಸ್ಟ್. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು, ಮುನ್ಸೂಚನೆ ಕೊಡದೆ "ನಿಲ್ಲಿಸಿ" ಅಂದರಂತೆ. ಕಾರು ನಿಂತ ಮೇಲೆ ಅವರು ಕೇಳಿದ್ದು, "ಮೊದ್ಲು ಏನ್ ಓಡಿಸ್ತಿದ್ರಿ ಯಜಮಾನ್ರೇ?"

ಲೈಸೆನ್ಸ್ ಆಯಿತು. ಎಲ್ಲ ಒಳ್ಳೆಯದಾಯಿತು ಅಂತ ಮುಗಿಸಬಹುದಿತ್ತು. ಅಕ್ಕಪಕ್ಕದವರು ಹಾಗೇ ಅನ್ನುತ್ತಾರೆ. ನಾನು ಅನ್ನಲಾರೆ. ಐವತ್ತೇಳರಲ್ಲಿ ಸಿಗಬೇಕಿದ್ದದ್ದು ಅಣ್ಣನಿಗೆ ಅರವತ್ತರಲ್ಲಿ ಸಿಕ್ಕಿದೆ. ನಡುವಿನದನ್ನು ಯಾವ ಅಂಗಡಿಯಿಂದ ತಂದು ಜೋಡಿಸಲಿ?

ನನ್ನನ್ನು ಹೆಚ್ಚು ಕಾಡುವುದು ತಪ್ಪು ಸಾಕೆಟ್ ಅಲ್ಲ. ಗೊತ್ತಿಲ್ಲದವರು ತಪ್ಪು ಚುಚ್ಚುತ್ತಾರೆ, ಸರಿ. ಆದರೆ ಸ್ಕೇಲ್ ಬೀಳಿಸಿ ಹಿಡಿಯುವ ಒಂದು ಪ್ರಯೋಗವಿದೆ. ಒಬ್ಬರು ಸ್ಕೇಲ್ ಬಿಡುತ್ತಾರೆ, ಇನ್ನೊಬ್ಬರು ಬೆರಳಲ್ಲಿ ಹಿಡಿಯುತ್ತಾರೆ, ಎಷ್ಟು ಜಾರಿತು ಅಂತ ನೋಡಿದರೆ ಆ ಮನುಷ್ಯ ಎಷ್ಟು ಚುರುಕು ಅಂತ ತಿಳಿಯುತ್ತದೆ. ಪ್ರತಿ ವರ್ಷ ಮಕ್ಕಳಿಗೆ ಮಾಡಿಸುತ್ತೇನೆ. ಒಂದು ಸ್ಕೇಲು, ಒಂದು ನಿಮಿಷ. ಅಣ್ಣನಿಗೆ ಯಾಕೆ ಮಾಡಿಸಲಿಲ್ಲ? ಯಾಕೆಂದರೆ ಉತ್ತರ ನನಗೆ ಮೊದಲೇ ಗೊತ್ತಿತ್ತು. ವಯಸ್ಸಾಗಿದೆ, ಸಕ್ಕರೆ ಇದೆ, ಕಾಲಿಲ್ಲ. ಇನ್ನು ಪರೀಕ್ಷಿಸುವುದೇನು? ಡಬ್ಬ ಹೊಸದು, ಕಂಪನಿಯದು, ದೀಪ ಉರಿಯುತ್ತಿದೆ. ಹಾಗಾಗಿ ತಪ್ಪು ಮನುಷ್ಯನದೇ ಇರಬೇಕು.

ಕಾಲೇಜು ಮತ್ತೆ ಶುರುವಾಗಿದೆ. ಮೊನ್ನೆ ಲ್ಯಾಬಿನಲ್ಲಿ ಒಬ್ಬ ಹುಡುಗಿಯ ರೀಡಿಂಗ್ ಸರಿ ಬರುತ್ತಿರಲಿಲ್ಲ. "ನಿಂಗೆ ಇದು ಆಗಲ್ಲಮ್ಮ" ಅನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡು ಮೊದಲು ಮೀಟರ್ ಬದಲಿಸಿದೆ. (ಮೀಟರ್ ಸರಿಯಾಗೇ ಇತ್ತು. ಹುಡುಗಿಯೇ ತಪ್ಪು ಮಾಡುತ್ತಿದ್ದಳು. ಪರವಾಗಿಲ್ಲ, ಹೇಳಿಕೊಟ್ಟೆ.) ಆಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಈ ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಎಷ್ಟು ಮಕ್ಕಳಿಗೆ ಹೇಳಿರಬಹುದು ಅಂತ ನೆನೆಯಲು ಹೋದೆ. ಮುಖಗಳು ಬರತೊಡಗಿದವು. ನಿಲ್ಲಿಸಿಬಿಟ್ಟೆ.

ನಿಮ್ಮ ಮನೆಯಲ್ಲೂ "ನನ್ನ ಕೈಲಿ ಆಗಲ್ಲ" ಅಂತ ಸುಮ್ಮನೆ ಕೂತವರು ಯಾರಾದರೂ ಇದ್ದರೆ ಒಮ್ಮೆ ಯೋಚಿಸಿ, ಆ ಮಾತನ್ನು ಮೊದಲು ಆಡಿದವರು ಅವರೋ, ನೀವೋ?